ಹನ್ನೊಂದು ಗಂಟೆಯ ದಾರಿ

ಸೆಪ್ಟೆಂಬರ್ 4
(ಭಾವನ ಕೈಯಲ್ಲಿ)

ಅಕ್ಕಾ,

ಚೆನ್ನಾಗಿದ್ದೇನೆ, ನೀನಿಟ್ಟ ‘ಗಡಿಯಾರ’ ಹೆಸರಿಗೆ ತಕ್ಕಂತೆ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ಸ್ವೆಟರ್ ಇನ್ನೂ ಹರಿದಿಲ್ಲ. ನೀನು ಕೇಳುವ ಮೂರೂ ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟುಬಿಟ್ಟೆ. ಇನ್ನು ನಿನ್ನ ಮಗಳ ಪ್ರಶ್ನೆ.

ಅವಳು ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆದದ್ದು ತಪ್ಪು ಅಂತ ಹೇಳು. ಒಂದು ಚೆಂಡಿನ ಮೇಲೆ ದಾರ ಎಳೆದು ನೋಡಲಿ. ವಿಮಾನ ಹೋಗುವುದು ಆ ದಾರದ ಮೇಲೆ. ನಮ್ಮ ಊರಿಂದ ನಿಮ್ಮ ಊರಿಗೆ ಒಂಬತ್ತು ಸಾವಿರದ ನಾನೂರು ಕಿಲೋಮೀಟರ್. ನಿಮ್ಮ ಕಡೆ ಬರುವಾಗ ಗಾಳಿ ಎದುರಿಗೆ, ಹನ್ನೊಂದು ಗಂಟೆ ಐವತ್ತು ನಿಮಿಷ. ಈ ಕಡೆ ಬರುವಾಗ ಅದೇ ಗಾಳಿ ಬೆನ್ನಿಗೆ, ಹತ್ತೂವರೆ ಗಂಟೆ. ಅವಳ ಅಪ್ಪ ಇಲ್ಲಿಂದ ಬೆಳಗ್ಗೆ ಆರಕ್ಕೆ ಹೊರಟು ಅದೇ ದಿನ ಮಧ್ಯಾಹ್ನದ ಊಟಕ್ಕೆ ಮನೆಗೆ ಹೇಗೆ ಬರುತ್ತಾರೆ ಅಂದರೆ, ನಿಮ್ಮ ಗಡಿಯಾರ ನಮ್ಮದಕ್ಕಿಂತ ಆರು ಗಂಟೆ ಹಿಂದೆ. ಇಷ್ಟು ಬರೆದರೆ ಮೇಷ್ಟ್ರು ಪೂರ್ತಿ ಅಂಕ ಕೊಡಬೇಕು. ಕೊಡದಿದ್ದರೆ ನನಗೆ ಬರೆ.

ಕೆಲಸ ಎಂದಿನ ಹಾಗೆ. ದಿನಾ ಗಾಳಿಯ ವರದಿ ನೋಡುವುದು, ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಲೆಕ್ಕ ಹಾಕುವುದು, ಅದರ ಮೇಲೆ ಎಷ್ಟು ಇಂಧನ ತುಂಬಬೇಕು ಅಂತ ಹಾಳೆಯಲ್ಲಿ ಬರೆದು ಸಹಿ ಮಾಡುವುದು. ಮೊದಲ ಸಲ ಇಳಿಯಲು ಆಗದಿದ್ದರೆ ಸುತ್ತು ಹಾಕಿ ಮತ್ತೆ ಬರುವಷ್ಟು, ಅದೂ ಆಗದಿದ್ದರೆ ಬೇರೆ ಊರಿಗೆ ಹೋಗಿ ಇಳಿಯುವಷ್ಟು ಹೆಚ್ಚಿಗೆ ಇರಬೇಕು. ಕ್ಯಾಪ್ಟನ್‌ಗಳ ಪೈಕಿ ಭಾವ ಮಾತ್ರ ನನ್ನ ಲೆಕ್ಕದ ಮೇಲೆ ಇನ್ನರ್ಧ ಗಂಟೆಯದು ಸೇರಿಸದೆ ಸಹಿ ಹಾಕುವುದಿಲ್ಲ. “ಇದು ನಿನ್ನ ಅಕ್ಕನ ಪಾಲು ಕಣೋ,” ಅನ್ನುತ್ತಾರೆ. ಇಡೀ ವಿಭಾಗ ನಗುತ್ತದೆ.

ನಮಗೆ ಹೊಸ ಸಾಹೇಬರು ಬಂದಿದ್ದಾರೆ. ಎಲ್ಲದರಲ್ಲೂ ಐದು ನಿಮಿಷ, ಹತ್ತು ನಿಮಿಷ ಕಡಿಮೆ ಮಾಡಿ ಅನ್ನುವುದೇ ಅವರ ಜಪ. ಬಂದ ವಾರದಲ್ಲೇ ‘ಕತ್ತರಿ’ ಅಂತ ಹೆಸರು ಬಿತ್ತು. ಇಟ್ಟವನು ನಾನಲ್ಲ. ಹಾಗಂತ ಹೇಳಿಕೊಂಡು ತಿರುಗುತ್ತಿದ್ದೇನೆ.

ನಿನ್ನ
ಗಡಿಯಾರ


ಸೆಪ್ಟೆಂಬರ್ 11
(ಇವರ ಕೈಯಲ್ಲಿ)

ಗಡಿಯಾರ,

ಪೂರ್ತಿ ಅಂಕ ಬಂತು. ಮೇಷ್ಟ್ರು ಚೆಂಡನ್ನ ಇಟ್ಕೊಂಡುಬಿಟ್ಟಿದ್ದಾರೆ, ಅದಕ್ಕೆ ನಿನ್ನ ಸೊಸೆ ಮುಖ ಊದಿಸ್ಕೊಂಡಿದ್ದಾಳೆ.

ನಮ್ಮ ಕನ್ನಡಕದ ಅಂಗಡಿ ಎದುರಿಗೆ ನಿಮ್ಮ ಕಂಪನಿಯವರು ಒಂದು ದೊಡ್ಡ ಬೋರ್ಡ್ ಹಾಕಿದ್ದಾರೆ. ‘ಹನ್ನೊಂದೇ ಗಂಟೆ!’ ಅಂತ ಆಳೆತ್ತರದ ಅಕ್ಷರ. ದಿನವಿಡೀ ಜನರ ಕಣ್ಣು ಪರೀಕ್ಷೆ ಮಾಡಿ ತಲೆ ಎತ್ತಿದರೆ ಅದೇ ಕಾಣತ್ತೆ. ಹನ್ನೊಂದು ಐವತ್ತು ಇದ್ದದ್ದು ಹನ್ನೊಂದು ಹೇಗಾಯ್ತೋ? ಗಾಳಿ ಒಪ್ಪಿಕೊಂಡಿತಾ?

ಇವರು ಚೆನ್ನಾಗಿದ್ದಾರೆ. ಮೊನ್ನೆ ಅಡುಗೆಮನೆ ಬಾಗಿಲ ಚೌಕಟ್ಟಿಗೆ ಹಣೆ ಹೊಡ್ಕೊಂಡ್ರು. ಹದಿನೈದು ವರ್ಷದಿಂದ ಅಲ್ಲೇ ಇರೋ ಬಾಗಿಲು! “ಆಕಾಶದಲ್ಲಿ ಬಾಗಿಲು ಇರಲ್ಲ ಕಣೆ, ಅಭ್ಯಾಸ ತಪ್ಪಿದೆ,” ಅಂದ್ರು. ಈಗ ನನ್ನ ಹೆಗಲ ಹಿಂದೆ ನಿಂತು, ಅದೆಲ್ಲ ಯಾಕೆ ಬರೀತೀಯ ಅಂತ ಗದರ್ತಿದ್ದಾರೆ. ಬರೆದಾಯ್ತು, ಅಳಿಸಲ್ಲ.

ಅಕ್ಕ


ಅಕ್ಟೋಬರ್ 2
(ಭಾವನ ಕೈಯಲ್ಲಿ)

ಅಕ್ಕಾ,

ಬೋರ್ಡಿನ ವಿಷಯ ಕೇಳಿದ್ದೀಯ. ಜಾಹೀರಾತಿನವರು ಬರೆಯುವುದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ. ಈ ವರ್ಷ ಗಾಳಿ ಸ್ವಲ್ಪ ಸೌಮ್ಯ ಅಂತ ಮೇಲಿನವರ ಅಂದಾಜು. ಹಾಳೆಗಳೆಲ್ಲ ಕ್ರಮವಾಗಿವೆ.

ಒಂದು ಸಂತೋಷದ ಸುದ್ದಿ. ಕಳೆದ ಎರಡು ಸಲದಿಂದ ಭಾವ ಅರ್ಧ ಗಂಟೆಯ ಜಗಳ ಬಿಟ್ಟಿದ್ದಾರೆ. ಹಾಳೆಯನ್ನು ತಿರುವಿಯೂ ನೋಡಲಿಲ್ಲ. ಕೋ-ಪೈಲಟ್ ಹುಡುಗನಿಗೆ ಕೊಟ್ಟು, “ಓದಪ್ಪಾ ಜೋರಾಗಿ,” ಅಂದರು. ಕೇಳಿಸಿಕೊಂಡರು, ನಾನು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದರು. ಹದಿನೈದು ವರ್ಷಕ್ಕೆ ಕೊನೆಗೂ ಮೈದುನನ ಲೆಕ್ಕದ ಮೇಲೆ ನಂಬಿಕೆ ಬಂತು ನೋಡು. ಆ ದಿನವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ.

ಗಡಿಯಾರ


ಅಕ್ಟೋಬರ್ 12
(ಇವರ ಕೈಯಲ್ಲಿ)

ಗಡಿಯಾರ,

ಇವರ ವಾರ್ಷಿಕ ವೈದ್ಯಕೀಯ ಪರೀಕ್ಷೆ ಮುಗೀತು. ಎದೆ, ರಕ್ತ, ಕಿವಿ ಎಲ್ಲ ಸರಿ. ಕಣ್ಣಿನ ಪಟ್ಟೀನ ಕೊನೇ ಸಾಲಿನವರೆಗೂ ಒಂದೇ ಉಸಿರಲ್ಲಿ ಓದಿದ್ರಂತೆ. ಡಾಕ್ಟರೇ ಬೆರಗಾದ್ರಂತೆ. ಮಾರ್ಚಿಗೆ ನಿವೃತ್ತಿ ಇರೋ ಮನುಷ್ಯ, ನೋಡು!

ಒಂದು ಕೇಳ್ತೀನಿ, ಸುಮ್ಮನೆ. ನಿಮ್ಮ ಹಾಳೆಯ ಅಂಕಿಗಳನ್ನ ಸ್ವಲ್ಪ ದಪ್ಪಗೆ ಬರೆಯಕ್ಕಾಗಲ್ವಾ? ನಿನ್ನ ಅಕ್ಷರ ಚಿಕ್ಕಂದಿನಿಂದಲೂ ಇರುವೆ ಸಾಲು.

ಹೇಳೋದು ಬೇರೇನಿಲ್ಲ.

ಅಕ್ಕ


ಅಕ್ಟೋಬರ್ 24
(ಅಂಚೆಯಲ್ಲಿ)

ಗಡಿಯಾರ,

ಇದನ್ನ ಅಂಚೆಗೆ ಹಾಕ್ತಿದ್ದೀನಿ. ಇವರ ಕೈಗೆ ಕೊಡೋ ಹಾಗಿಲ್ಲ, ಫೋನ್ ಮಾಡೋಣ ಅಂದ್ರೆ ಅದಿರೋದು ನಿನ್ನ ಕಚೇರಿಯಲ್ಲಿ, ಅಲ್ಲಿ ಎಲ್ಲರ ಕಿವಿ. ನಿನಗೆ ತಲುಪಕ್ಕೆ ಹನ್ನೆರಡು ದಿನ ಬೇಕು ಅಂದ್ರು ಅಂಚೆಯವರು. ಹನ್ನೊಂದು ಗಂಟೆ ದಾರಿಗೆ ಹನ್ನೆರಡು ದಿನ.

ನಿನ್ನ ಭಾವನ ಬಲಗಣ್ಣು ಹೋಗಿದೆ. ಪೂರ್ತಿ ಕತ್ತಲೆ ಅಲ್ಲ, ಅದಾಗಿದ್ರೆ ವಾಸಿಯಿತ್ತು. ನೋಡಬೇಕಾದ ಜಾಗದಲ್ಲೇ ಮಸಿ ಬಳಿದ ಹಾಗೆ, ಸುತ್ತಲಿನದೆಲ್ಲ ಕಾಣತ್ತೆ. ಎದುರಿಗೆ ನಿಂತ ನನ್ನ ಕಿವಿ ಕಾಣತ್ತೆ, ಮುಖ ಕಾಣಲ್ಲ. ಈಗ ಎಡಗಣ್ಣಿಗೂ ಶುರುವಾಗಿದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಂಗಡಿಗೆ ಕರ್ಕೊಂಡು ಹೋಗಿ ನಾನೇ ಮೂರು ಸಲ ಪರೀಕ್ಷೆ ಮಾಡಿದೆ. ಇಷ್ಟು ವರ್ಷದ ಕೆಲಸ ನಂದು. ತಪ್ಪಿಲ್ಲ.

ಇನ್ನು ಕೆಟ್ಟದ್ದು ಹೇಳ್ತೀನಿ. ಕಂಪನಿ ಡಾಕ್ಟರ ಹತ್ರ ಇರೋದೂ ನಮ್ಮ ಅಂಗಡಿಯಲ್ಲಿರೋದೂ ಕಣ್ಣಿನ ಪರೀಕ್ಷೆಯ ಅವೇ ಮೂರು ಪಟ್ಟಿಗಳು. ಮೂರನ್ನೂ ನಾನು ಬರೆದುಕೊಟ್ಟೆ. ಬಟ್ಟೆ ಮಡಚ್ತಾ ಮಡಚ್ತಾ ಬಾಯಿಪಾಠ ಹೇಳಿಕೊಟ್ಟೆ. ಹೋದ ವರ್ಷವೂ ಕೊಟ್ಟಿದ್ದೆ.

“ಮಾರ್ಚಿನವರೆಗೆ ಕಣೆ,” ಅಂದ್ರು. “ಮೂವತ್ತು ವರ್ಷ ಹಾರಿಸಿದವನನ್ನ ಕುರುಡ ಅಂತ ಕೆಳಗಿಳಿಸ್ತಾರೆ. ಮರ್ಯಾದೆಯಾಗಿ ಇಳೀಬೇಕು ನಾನು. ಪಕ್ಕದಲ್ಲಿ ಹುಡುಗ ಇರ್ತಾನಲ್ಲ, ಅವನ ಕಣ್ಣಿಲ್ವಾ?”

“ಇಳಿಯೋವಾಗ ಮಂಜು ಇದ್ರೆ?” ಅಂದೆ.

“ಮಂಜಿದ್ರೆ ಒಂದು ಸುತ್ತು ಹಾಕಿ ಮತ್ತೆ ಬರ್ತೀನಿ. ನಿನ್ನ ತಮ್ಮ ಇಂಧನ ಕೊಟ್ಟಿರ್ತಾನಲ್ಲ.”

ಅದನ್ನೇ ಹಿಡ್ಕೊಂಡು ಬದುಕ್ತಿದ್ದೀನಿ. ನಿನ್ನ ಲೆಕ್ಕ ಗಟ್ಟಿ ಇದೆ, ಒಂದು ಸಲ ತಪ್ಪಿದ್ರೆ ಎರಡನೇ ಸಲ ಇದೆ. ಹೌದಲ್ವಾ? ನಾನು ಯಾರಿಗಾದ್ರೂ ಹೇಳಬೇಕಾ? ಹೇಳಿದ್ರೆ ಈ ಮನುಷ್ಯ ನನ್ನ ಮುಖ ನೋಡಲ್ಲ. ಉತ್ತರ ಅಂಚೆಯಲ್ಲೇ ಬರಿ.

ಅಕ್ಕ


ಅಕ್ಟೋಬರ್ 29
(ಅಂಚೆಯಲ್ಲಿ)

ಅಕ್ಕಾ,

ಇದು ಭಾವನ ಕಣ್ಣಿಗೆ ಬೀಳಬಾರದು, ಅದಕ್ಕೇ ಅಂಚೆ.

ನಾನು ನಿನಗೆ ಸುಳ್ಳು ಬರೆದೆ. ಗಾಳಿ ಸೌಮ್ಯವಾಗಿಲ್ಲ. ಬೋರ್ಡಿನ ಮೇಲೆ ಹನ್ನೊಂದು ಅಂತ ಬರೆದ ಮೇಲೆ ಹಾಳೆಯಲ್ಲೂ ಹನ್ನೊಂದೇ ಇರಬೇಕು ಅಂತ ಕತ್ತರಿ ಪಟ್ಟು ಹಿಡಿದರು. ಹಳೆಯ ಬೇಸಿಗೆಯ ಗಾಳಿಯ ಸರಾಸರಿ ತೆಗೆದುಕೊಂಡು ಲೆಕ್ಕ ಹಾಕಿಸಿದರು. ಇಂಧನ ಕಡಿಮೆಯಾದರೆ ಸರಕು ಜಾಸ್ತಿ ಹಿಡಿಸುತ್ತದೆ, ಅದೂ ಒಂದು ಆಸೆ. ಇಳಿಯಲಾಗದಿದ್ದರೆ ಹೋಗಬೇಕಾದ ಬೇರೆ ಊರು ಮುಂಚೆ ನಾನೂರು ಕಿಲೋಮೀಟರ್ ದೂರ ಇತ್ತು. ಈಗ ನಿಮ್ಮ ಪಕ್ಕದ ಮೂವತ್ತು ಕಿಲೋಮೀಟರಿನ ಸಣ್ಣ ನಿಲ್ದಾಣ ಅಂತ ಬರೆಸಿದ್ದಾರೆ. ನಿಮಗೆ ಮಂಜು ಕವಿದ ದಿನ ಅಲ್ಲೂ ಅದೇ ಮಂಜು ಕವಿಯುವುದಿಲ್ಲವೇ?

ನಿಜವಾದ ಗಾಳಿ ಬೀಸಿದ ದಿನ ನಿಮ್ಮ ಊರು ತಲುಪುವ ಹೊತ್ತಿಗೆ ಒಂದು ಸಲ ಇಳಿಯುವಷ್ಟು ಮಾತ್ರ ಉಳಿದಿರುತ್ತದೆ. ಎರಡನೇ ಸಲಕ್ಕೆ ಸಾಲುವುದಿಲ್ಲ.

“ಇದಕ್ಕೆ ನಾನು ಸಹಿ ಹಾಕಲ್ಲ ಸಾರ್,” ಅಂದೆ.

“ಬೇಡ ಬಿಡಿ. ಆ ಕುರ್ಚಿಗೆ ಬೇರೆಯವರು ಬರ್ತಾರೆ,” ಅಂದರು, ತಲೆ ಎತ್ತದೆ.

ಹಾಕಿದೆ. ಒಂದೂವರೆ ತಿಂಗಳಿಂದ ದಿನಾ ಹಾಕುತ್ತಿದ್ದೇನೆ. ನನ್ನ ನಿಜವಾದ ಲೆಕ್ಕವನ್ನು ಪೆನ್ಸಿಲ್ಲಿನಲ್ಲಿ ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ, ಯಾಕೋ ಗೊತ್ತಿಲ್ಲ.

ಒಂದು ಧೈರ್ಯ ಇದೆ. ಈ ದಾರಿಯಲ್ಲಿ ಹೆಚ್ಚು ಹಾರುವುದು ಭಾವ. ಅವರಂಥ ಕಣ್ಣು ಈ ಕಂಪನಿಯಲ್ಲಿ ಇನ್ನೊಬ್ಬರಿಗಿಲ್ಲ, ಮಂಜಿನಲ್ಲೂ ಮೊದಲ ಸಲಕ್ಕೇ ಇಳಿಸುತ್ತಾರೆ. ಆದರೂ ಅಕ್ಕಾ, ನೀನೊಂದು ಉಪಾಯ ಮಾಡು. ಮತ್ತೆ ಅರ್ಧ ಗಂಟೆಯ ಜಗಳ ತೆಗೆಯಲಿ ಅವರು. ಕ್ಯಾಪ್ಟನ್ ಬರವಣಿಗೆಯಲ್ಲಿ ಕೇಳಿದರೆ ಕತ್ತರಿ ಇಲ್ಲ ಅನ್ನುವ ಹಾಗಿಲ್ಲ. ನಾನು ಹೇಳಿದೆ ಅನ್ನಬೇಡ. ನನ್ನ ಸಹಿಯನ್ನು ನಂಬಿ ಓದದೆ ಸಹಿ ಹಾಕುವವರ ಎದುರು ನಾನು ಹೇಗೆ ಬಾಯಿ ಬಿಡಲಿ?

ಗಡಿಯಾರ


ನವೆಂಬರ್ 5
(ಇವರ ಕೈಯಲ್ಲಿ)

ಗಡಿಯಾರ,

ಎಲ್ಲ ಕ್ಷೇಮ. ಇಲ್ಲಿ ಚಳಿ ಬಿದ್ದಿದೆ. ಹಗಲಲ್ಲೂ ಬೀದಿದೀಪ ಹಾಕ್ತಾರೆ. ನಿನಗೆ ಬೇರೆ ಏನಾದ್ರೂ ಬಂತಾ? ಬಂದಿದ್ರೆ ಬಂತು ಅಂತಷ್ಟೇ ಬರಿ.

ಅಕ್ಕ


ನವೆಂಬರ್ 7
(ಭಾವನ ಕೈಯಲ್ಲಿ)

ಅಕ್ಕಾ,

ಏನೂ ಬಂದಿಲ್ಲ. ಅಂಚೆ ಮೂಟೆಗಳು ಬಂದರಿನಲ್ಲೇ ಕೊಳೆಯುತ್ತಿವೆ ಅನ್ನುತ್ತಾರೆ. ನಿನಗೆ ಏನಾದರೂ ಬಂತೇ? ಬಂದಿದ್ದರೆ ಓದಿದ ಮೇಲೆ ಹರಿದುಹಾಕು.

ಗಡಿಯಾರ


ನವೆಂಬರ್ 15
(ಅಂಚೆಯಲ್ಲಿ)

ಗಡಿಯಾರ,

ಫೋನಿನಲ್ಲಿ ಮಾತಾಡಕ್ಕಾಗಲಿಲ್ಲ, ಸುತ್ತ ಜನ ಇದ್ರು. ನಿನ್ನೆ ಏನಾಯ್ತು ಅಂತ ಬರೀತೀನಿ.

ಬೆಳಗ್ಗೆ ಹತ್ತಕ್ಕೆ ಅಂಚೆಯವನು ನಿನ್ನ ಪತ್ರ ಕೊಟ್ಟ. ಅಕ್ಟೋಬರ್ ಇಪ್ಪತ್ತೊಂಬತ್ತರದ್ದು. ಇವರನ್ನ ಕರ್ಕೊಂಡು ಬರಕ್ಕೆ ನಾನೂ ಮಗಳೂ ನಿಲ್ದಾಣಕ್ಕೆ ಹೊರಟಿದ್ವಿ. ಪತ್ರ ಚೀಲಕ್ಕೆ ಹಾಕ್ಕೊಂಡೆ. ಕಾಯೋ ಹಾಲ್‌ನಲ್ಲಿ ಕಿಟಕಿ ಪಕ್ಕದ ಬೆಂಚು ಸಿಕ್ತು. ಕಿಟಕಿ ಅನ್ನೋದು ಹೆಸರಿಗೆ, ಆಚೆ ಹಾಲು ಚೆಲ್ಲಿದ ಹಾಗೆ ಮಂಜು. ಹನ್ನೊಂದಕ್ಕೆ ಬರಬೇಕಾದ ವಿಮಾನ ಹನ್ನೆರಡಾದ್ರೂ ಬಂದಿರಲಿಲ್ಲ.

ಆಗ ನಿನ್ನ ಪತ್ರ ಒಡೆದೆ.

‘ಎರಡನೇ ಸಲಕ್ಕೆ ಸಾಲುವುದಿಲ್ಲ’ ಅನ್ನೋ ಸಾಲು ಓದ್ತಿದ್ದೀನಿ, ತಲೆ ಮೇಲೆ ಸದ್ದು ಬಂತು. ಮಗಳು ಕುಣಿದಳು. “ಅಪ್ಪ ಬಂದ್ರು!” ಸದ್ದು ಕೆಳಗೆ ಬಂತು, ಗಾಜು ಅದುರಿತು, ಆಮೇಲೆ ಮತ್ತೆ ಮೇಲೆದ್ದು ದೂರ ಹೋಯ್ತು. ಪಕ್ಕದಲ್ಲಿದ್ದ ಹೆಂಗಸು, “ಯಾಕೆ ಹೋಗ್ತಿದೆ?” ಅಂತ ನನ್ನನ್ನೇ ಕೇಳಿದ್ರು. “ಒಂದು ಸುತ್ತು ಹಾಕಿ ಬರತ್ತೆ,” ಅಂದೆ. ನನ್ನ ಬಾಯಿಂದ ಅದು ಹೇಗೆ ಹೊರಟಿತೋ. ಮತ್ತೆ ಸದ್ದು ಕೇಳಿಸ್ತು, ದೂರದಲ್ಲಿ, ಹತ್ತಿರ ಆಗ್ತಾ ಇತ್ತು. ಆಮೇಲೆ ಕೇಳಿಸಲಿಲ್ಲ. ಜೋರಾದ ಶಬ್ದ ಏನೂ ಬರಲಿಲ್ಲ ಕಣೋ. ಸದ್ದು ನಿಂತುಹೋಯ್ತು, ಅಷ್ಟೇ. ಮಗಳು ಇನ್ನೂ ಗಾಜಿಗೆ ಮೂಗು ಒತ್ತಿ ನಿಂತಿದ್ದಳು.

ನಾಲ್ಕು ಗಂಟೆ ಹೊತ್ತು ನಾನು ಗಂಡ ಸತ್ತ ಹೆಂಗಸು. ಅಷ್ಟು ಹೊತ್ತೂ ಒಂದೇ ಯೋಚನೆ, ಮಂಜಿನಲ್ಲಿ ದಾರಿ ಹುಡುಕಿದ್ದು ನಾನು ಬಾಯಿಪಾಠ ಮಾಡಿಸಿದ ಕಣ್ಣು ಅಂತ. ಆಮೇಲೆ ಕಂಪನಿಯವರು ನನ್ನನ್ನ ಒಳಗೆ ಕರೆದು ಫೋನ್ ಕೊಟ್ರು. ಇವರ ದನಿ. “ನಾನು ಹತ್ತಲಿಲ್ಲ ಕಣೆ.”

ಹೊರಗೆ ಜನ ಎದೆ ಬಡ್ಕೊಂಡು ಅಳ್ತಿದ್ರು. ನಾನು ಆ ಕೋಣೆಯಲ್ಲಿ ಗೋಡೆ ಕಡೆ ತಿರುಗಿ ನಕ್ಕೆ. ಕೈ ಬಾಯಿಗೆ ಅಡ್ಡ ಇಟ್ಕೊಂಡು ನಕ್ಕೆ. ಅದನ್ನ ಯಾರಿಗೂ ಹೇಳಲಾರೆ, ನಿನಗೆ ಬಿಟ್ಟು.

ಇವರು ಯಾಕೆ ಹತ್ತಲಿಲ್ಲ? ಹಾಗಾದ್ರೆ ಯಾರು ಹತ್ತಿದ್ರು?

ಅಕ್ಕ


ನವೆಂಬರ್ 16
(ಅಂಚೆಯಲ್ಲಿ)

ಅಕ್ಕಾ,

ನಿನ್ನ ಅಕ್ಟೋಬರ್ ಇಪ್ಪತ್ತನಾಲ್ಕರ ಪತ್ರ ಹದಿಮೂರನೇ ತಾರೀಕು ಸಂಜೆ ಬಂತು. ಮಾರನೆಯ ಬೆಳಗ್ಗೆ ಆರಕ್ಕೆ ಭಾವನ ವಿಮಾನ. ಐದಕ್ಕೆ ಅವರು ನಮ್ಮ ವಿಭಾಗಕ್ಕೆ ಬಂದರು. ಹಾಳೆ ಮೇಜಿನ ಮೇಲಿತ್ತು. ಹಿಂದಿನ ದಿನವೇ ನಾನು ಸಹಿ ಮಾಡಿದ್ದೆ. ಹನ್ನೊಂದು ಗಂಟೆ.

ಅವರನ್ನು ಕಾರಿಡಾರಿಗೆ ಕರೆದೆ. “ಭಾವ, ಆ ಗೋಡೆಯ ಮೇಲೆ ಏನು ಬರೆದಿದೆ?” ಅಂತ ಕೇಳಿದೆ.

ನಕ್ಕರು. ನಗು ಹಾಗೇ ನಿಂತಿತು. “ನಿನ್ನ ಅಕ್ಕ ಬರೆದಳಾ?”

“ಹೌದು.”

“ಯಾರಿಗಾದ್ರೂ ಹೇಳಿದೀಯಾ?”

“ಇಲ್ಲ. ನೀವೇ ಹೇಳಿ, ಹೊಟ್ಟೆನೋವು ಅಂತಲಾದ್ರೂ ಹೇಳಿ. ಹತ್ತಬೇಡಿ.”

ಅವರು ಟೋಪಿ ತೆಗೆದು ನನ್ನ ಕೈಗೆ ಕೊಟ್ಟು, ಬೆಂಚಿನ ಮೇಲೆ ಕೂತರು. “ರನ್‌ವೇ ಕಾಣಲ್ಲ ಕಣೋ ನನಗೆ. ಎರಡು ತಿಂಗಳಾಯ್ತು. ಹುಡುಗ ಹೇಳ್ತಾನೆ, ನಾನು ಇಳಿಸ್ತೀನಿ,” ಅಂದರು. ಭಾವ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ವಸತಿಗೃಹದಲ್ಲಿ ವಿಶ್ರಾಂತಿಯಲ್ಲಿದ್ದ ಬಿಳಿ ಮೀಸೆಯ ಕ್ಯಾಪ್ಟನ್ನರನ್ನು ಎಬ್ಬಿಸಿ ಕರೆಸಿದರು. ನಿಮ್ಮ ಪಕ್ಕದ ಬೀದಿಯವರೇ. ಅವರ ಸರದಿ ಇದ್ದದ್ದು ಹದಿನೇಳಕ್ಕೆ. “ಮೂರು ದಿನ ಮುಂಚೆ ಮನೆಗೆ ಹೋಗೋ ಭಾಗ್ಯ,” ಅಂತ ನಗುತ್ತಾ ಬಂದರು. ಹೊತ್ತಾಗಿತ್ತು. ನಿಂತಲ್ಲೇ ಸಹಿ ಹಾಕಿ ಓಡಿದರು.

ನಾನು ಹಾಳೆಯನ್ನು ಮರೆತೆ. ಅಕ್ಕಾ, ನಿನ್ನಾಣೆ, ಮರೆತೆ. ಭಾವನ ಕಣ್ಣು, ಭಾವನ ಮಾನ, ನಿನ್ನ ಸಂಸಾರ, ಇಷ್ಟೇ ಇದ್ದದ್ದು ತಲೆಯಲ್ಲಿ. ಅವರನ್ನು ನನ್ನ ಕೋಣೆಗೆ ಕರೆದುಕೊಂಡು ಹೋಗಿ ಮಲಗಿಸಿದೆ. ಗಂಡಾಂತರ ಕಳೆಯಿತು ಅಂದುಕೊಂಡು ನಾನೂ ಗೋಡೆಗೆ ಒರಗಿದೆ. ವಾರಗಳಿಂದ ಬಾರದ ನಿದ್ದೆ ಆಗ ಬಂತು. ಎದ್ದಾಗ ಮಧ್ಯಾಹ್ನ ಹನ್ನೆರಡು.

ಎದ್ದ ಕೂಡಲೇ ನೆನಪಾಯಿತು. ಚಪ್ಪಲಿಯಿಲ್ಲದೆ ಓಡಿದೆ. ಗಾಳಿಯ ಹೊಸ ವರದಿ ಮೇಜಿನ ಮೇಲೆ ಬಿದ್ದಿತ್ತು, ಯಾರೂ ನೋಡಿರಲಿಲ್ಲ. ನನ್ನ ಪೆನ್ಸಿಲ್ ಲೆಕ್ಕಕ್ಕಿಂತಲೂ ಕೆಟ್ಟದಾಗಿತ್ತು. ದಾರಿಯ ನಡುವೆ ಇಳಿದು ಇಂಧನ ತುಂಬಿಸಿಕೊಳ್ಳಲು ಒಂದೇ ನಿಲ್ದಾಣ. ರೇಡಿಯೋ ಕೋಣೆಗೆ ಹೋಗಿ ಕೂಗಿದೆ, “ಇಳಿಸಿ ಅಂತ ಹೇಳಿ!” ಆಪರೇಟರ್ ನಕ್ಷೆ ನೋಡಿ, “ಅದನ್ನ ದಾಟಿ ನಲವತ್ತು ನಿಮಿಷ ಆಯ್ತಲ್ಲ ಸಾರ್, ಈಗ ಕೆಳಗೆ ಬರೀ ನೀರು,” ಅಂದ. ಹಿಂತಿರುಗಿ ಅನ್ನೋಣವೆಂದರೆ ಅಪ್ಪಣೆ ಕೊಡಬೇಕಾದವರು ಕತ್ತರಿ. ಅವರು, “ಹನ್ನೊಂದು ಗಂಟೆಗೆ ಸಹಿ ಹಾಕಿದವರು ನೀವೇ ತಾನೆ?” ಅಂದರು. ಅಪ್ಪಣೆ ಕೊಡಲಿಲ್ಲ, ಅದಿಲ್ಲದೆ ಆಪರೇಟರ್ ಸಂದೇಶ ಕಳಿಸಲಿಲ್ಲ.

ಆಮೇಲಿನ ಆರು ಗಂಟೆ ನಾನು ಗಡಿಯಾರದ ಎದುರು ಕೂತಿದ್ದೆ.

ವಿಮಾನದಲ್ಲಿದ್ದದ್ದು ನೂರ ಮೂವತ್ತೊಂದು ಜನ. ಕೆರೆಯ ಅಂಚಿನಲ್ಲಿ ಬಿದ್ದದ್ದರಿಂದ ಇಪ್ಪತ್ತೆರಡು ಜನ ಉಳಿದರು ಅಂತ ಇಲ್ಲಿ ಹೇಳುತ್ತಾರೆ. ಬಿಳಿ ಮೀಸೆಯವರೂ ಕೋ-ಪೈಲಟ್ ಹುಡುಗನೂ ಉಳಿಯಲಿಲ್ಲ.

ಇನ್ನು ಮೇಲೆ ನನ್ನನ್ನು ಆ ಹೆಸರಿನಿಂದ ಕರೆಯಬೇಡ.

ತಮ್ಮ


ಡಿಸೆಂಬರ್ 20
(ಭಾವನ ಕೈಯಲ್ಲಿ)

ಅಕ್ಕಾ,

ಈ ಸಲ ಭಾವ ಪ್ರಯಾಣಿಕರ ಸೀಟಿನಲ್ಲಿ ಕೂತು ಬರುತ್ತಿದ್ದಾರೆ. ಮೆಟ್ಟಿಲು ಇಳಿಯುವಾಗ ಕೈ ಹಿಡಿದುಕೋ. ಈಗ ಬೇಡ ಅನ್ನುವುದಿಲ್ಲ.

ವಿಚಾರಣೆ ಆರು ದಿನ ನಡೆಯಿತು. ಕ್ಯಾಪ್ಟನ್ ಮಂಜಿನಲ್ಲಿ ದಾರಿ ತಪ್ಪಿದರು ಅಂತ ಕತ್ತರಿ ಹೇಳಿಕೆ ಕೊಟ್ಟರು. ಸತ್ತವರ ಮೇಲೆ ಹೊರಿಸುವುದು ಎಷ್ಟು ಸಲೀಸು. ಮೂರನೇ ದಿನ ನಾನು ಎದ್ದು ಪೆನ್ಸಿಲ್ ನೋಟ್‌ಬುಕ್ಕನ್ನು ವಿಚಾರಣೆಯ ಅಧಿಕಾರಿಗಳ ಮುಂದಿಟ್ಟೆ. ಎರಡು ತಿಂಗಳ ನಿಜವಾದ ಲೆಕ್ಕ. ಹಿರಿಯ ಅಧಿಕಾರಿ ಪುಟ ತಿರುವಿ ತಿರುವಿ ನೋಡಿ, “ಇದೆಲ್ಲ ನಿಮಗೆ ಮೊದಲೇ ಗೊತ್ತಿತ್ತು,” ಅಂದರು. ಪ್ರಶ್ನೆಯಾಗಿರಲಿಲ್ಲ ಅದು. “ಗೊತ್ತಿತ್ತು,” ಅಂದೆ.

ಭಾವ ತಾವಾಗಿಯೇ ಹೋಗಿ ಕಣ್ಣಿನ ವಿಷಯ ಹೇಳಿದರು. ಪಟ್ಟಿ ಎಲ್ಲಿ ಸಿಕ್ಕಿತು ಅಂದಾಗ, ಕದ್ದೆ ಅಂದರು. ನಿನ್ನ ಹೆಸರು ಎತ್ತಲಿಲ್ಲ. ಅದನ್ನು ಏನು ಮಾಡಬೇಕೋ ನಿನಗೆ ಬಿಟ್ಟದ್ದು.

ಕತ್ತರಿಯನ್ನು ಮನೆಗೆ ಕಳಿಸಿದ್ದಾರೆ. ನನ್ನ ಮೇಲಿನ ಮೊಕದ್ದಮೆ ಫೆಬ್ರವರಿಯಲ್ಲಿ. ವಕೀಲರು, ಮೇಲಿನವರ ಒತ್ತಡ ಅಂತ ಹೇಳಿ, ಬಚಾವಾಗ್ತೀರಿ ಅನ್ನುತ್ತಾರೆ. ಒತ್ತಡ ಇದ್ದದ್ದು ಹೌದು. ಆದರೆ ಕೈ ನನ್ನದೇ. ಹಾಗೇ ಹೇಳುತ್ತೇನೆ.

ತಮ್ಮ


ಜನವರಿ 9
(ಅಂಚೆಯಲ್ಲಿ)

ತಮ್ಮಾ,

ಪಟ್ಟಿ ಕೊಟ್ಟವಳು ನಾನು ಅಂತ ಕಂಪನಿಗೂ ಅಂಗಡಿಯವರಿಗೂ ಬರೆದುಕೊಟ್ಟೆ. ಅಂಗಡಿ ಕೆಲಸ ಹೋಯ್ತು. ಇವರು ಎರಡು ದಿನ ಮಾತು ಬಿಟ್ಟಿದ್ರು, ಮೂರನೇ ದಿನ, “ಕಾಫಿ ಕೊಡೆ,” ಅಂದ್ರು. ನಾವು ಬದುಕ್ತೀವಿ, ಚಿಂತೆ ಮಾಡಬೇಡ.

ನಿನ್ನೆ ಬಿಳಿ ಮೀಸೆಯವರ ಮನೆಗೆ ಹೋಗಿದ್ದೆ. ಮುಂಚೆ ಮೂರು ಸಲ ಆ ಬೀದಿಯ ತಿರುವಿನವರೆಗೆ ಹೋಗಿ ವಾಪಸ್ ಬಂದಿದ್ದೆ. ಅವರ ಹೆಂಡತಿ ಬಾಗಿಲು ತೆಗೆದ್ರು, ಒಳಗೆ ಕರೆಯಲಿಲ್ಲ. ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡ್ಕೊಂಡೇ ಬಂದಿದ್ರು. ಮಗಳ ಶಾಲೆಯ ಬಟ್ಟೆ ಇಸ್ತ್ರಿ ಮಾಡ್ತಿದ್ರು ಅನ್ಸತ್ತೆ.

“ಅವತ್ತು ಇವರ ಸರದಿ ಇರಲಿಲ್ಲ ಅಲ್ವಾ?” ಅಂತ ಅವರೇ ಕೇಳಿದ್ರು. “ಕಂಪನಿಯವರನ್ನ ಕೇಳಿದರೆ ಯಾರೂ ಸರಿಯಾಗಿ ಹೇಳಲ್ಲ. ಇವರು ಹದಿನೇಳಕ್ಕೆ ಬರ್ತೀನಿ ಅಂದಿದ್ರು. ಯಾರದ್ದು ಸರದಿ?”

“ನನ್ನ ಯಜಮಾನರದ್ದು,” ಅಂದೆ. “ಅವರಿಗೆ ಕಣ್ಣು ಕಾಣ್ತಿರಲಿಲ್ಲ. ಅದು ನನಗೆ ಒಂದು ವರ್ಷದಿಂದ ಗೊತ್ತಿತ್ತು. ಇಂಧನ ಸಾಲಲ್ಲ ಅಂತ ನನ್ನ ತಮ್ಮನಿಗೆ ಗೊತ್ತಿತ್ತು. ನಾವಿಬ್ಬರೂ ಯಾರಿಗೂ ಹೇಳಲಿಲ್ಲ.”

ಅವರು ಇಸ್ತ್ರಿಪೆಟ್ಟಿಗೆಯನ್ನ ನೆಲದ ಮೇಲೆ ಇಟ್ರು. ಹೊಡೀತಾರೆ ಅಂದುಕೊಂಡೆ. ಹೊಡೆದಿದ್ರೆ ಚೆನ್ನಾಗಿತ್ತು.

“ಇನ್ನೊಂದು ಸಲ ಹೇಳಿ,” ಅಂದ್ರು. “ಜೋರಾಗಿ ಹೇಳಿ. ಒಳಗೆ ನನ್ನ ಮಕ್ಕಳಿದ್ದಾರೆ, ನಿಮ್ಮಪ್ಪ ದಾರಿ ತಪ್ಪಿದ್ರು ಅಂತ ಶಾಲೆಯಲ್ಲಿ ಅವರಿಗೆ ಹೇಳ್ತಾರೆ. ಅವರಿಗೂ ಕೇಳಲಿ.”

ಬಾಗಿಲಲ್ಲಿ ನಿಂತು ನಾನು ಮತ್ತೆ ಮೊದಲಿಂದ ಹೇಳಿದೆ, ಜೋರಾಗಿ.

ಅಕ್ಕ